ಗಂಟು ಕಟ್ಟಿದರೆ ಸಾಲದು, ಬಿಚ್ಚಿ ನೋಡಬೇಕು

ನಮ್ಮ ತೀರ್ಥರೂಪರು ಲಿಂಗೈಕ್ಯರಾದದ್ದು 2021ರಲ್ಲಿ. ಅವರು ಬಿಟ್ಟುಹೋದ ಹೊಲಮನೆಗಳ ಪಾಲು ಯಾವ ಮನಸ್ತಾಪವೂ ಇಲ್ಲದೆ ಬೇಗನೆ ಮುಗಿಯಿತು. ಪಾಲು ಮಾಡಲು ಬಾರದೆ ಉಳಿದದ್ದು ಒಂದು ಕಬ್ಬಿಣದ ಟ್ರಂಕು ಮಾತ್ರ. ಅದರಲ್ಲಿ 22 ವಿಡಿಯೋ ಕ್ಯಾಸೆಟ್ಟುಗಳೂ ತಂದೆಯವರ ಕೈಬರಹದ ನೋಟುಪುಸ್ತಕಗಳೂ ಇದ್ದವು. 1992ರಿಂದ 2004ರವರೆಗೆ ಪ್ರತಿ ಶ್ರಾವಣಮಾಸದಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಸಂಜೆಯ ಹೊತ್ತು ವಚನ ಚಿಂತನ ನಡೆಯುತ್ತಿತ್ತು. ತಂದೆಯವರು ಪಂಡಿತರಾಗಿರಲಿಲ್ಲ, ಹಗಲೆಲ್ಲ ಅಂಗಡಿಯ ಲೆಕ್ಕ ಬರೆದು, ಸಂಜೆ ಕೈಕಾಲು ತೊಳೆದು, ವಿಭೂತಿ ಧರಿಸಿ ಕುಳಿತು ತಮಗೆ ತಿಳಿದಷ್ಟನ್ನು ಓಣಿಯ ಜನರಿಗೆ ಹೇಳುತ್ತಿದ್ದರು. ನಮ್ಮ ಸೋದರಳಿಯನೊಬ್ಬನು ಬಾಡಿಗೆಯ ಕ್ಯಾಮೆರಾ ತಂದು ವರ್ಷಕ್ಕೆ ಒಂದೆರಡು ಸಂಜೆಗಳನ್ನು ಚಿತ್ರಿಸಿಟ್ಟಿದ್ದನು. ಆಗ ಅದು ಹುಡುಗಾಟವೆಂದು ನಮಗೆ ತೋರಿತ್ತು. ತಂದೆಯವರು ಕಣ್ಮರೆಯಾದ ಮೇಲೆ ಅದರ ಬೆಲೆ ತಿಳಿಯಿತು.

2024ರಲ್ಲಿ ಬರಲಿದ್ದ ಮೂರನೆಯ ಪುಣ್ಯಸ್ಮರಣೆಯ ದಿನ ಒಡಹುಟ್ಟಿದ ನಾವು ನಾಲ್ವರೂ ಇದರ ಒಂದೊಂದು ಪ್ರತಿಯನ್ನು ಮನೆಗೆ ಒಯ್ಯಬೇಕೆಂದು ನಿಶ್ಚಯಿಸಿದೆವು. ಪಟ್ಟಣದ ವಿಡಿಯೋ ಅಂಗಡಿಯೊಂದರಲ್ಲಿ ಕ್ಯಾಸೆಟ್ಟುಗಳನ್ನು ಗಣಕಯಂತ್ರದ ಫೈಲುಗಳಾಗಿ ಮಾಡಿಸಿದೆವು. ನೋಟುಪುಸ್ತಕಗಳ ಪುಟಗಳನ್ನು ಮಗಳ ಮಗನು ಬಿಡುವಿನ ದಿನಗಳಲ್ಲಿ ಒಂದೊಂದಾಗಿ ಛಾಯಾಚಿತ್ರ ತೆಗೆದನು. ಅವು 11,000 ಚಿತ್ರಗಳಾದವು. ಎಲ್ಲ ಸೇರಿ ಸುಮಾರು 470 ಜಿಬಿ. ಇಷ್ಟಾದ ಮೇಲೆ ಕ್ಯಾಸೆಟ್ಟುಗಳು ಇನ್ನೇಕೆಂದು ಅವನ್ನು ಗುಜರಿಗೆ ಕೊಟ್ಟುಬಿಡಲು ಸೊಸೆಗೆ ಹೇಳಿದೆವು. ಇನ್ನುಳಿದದ್ದು ನಮ್ಮ ಗಣಕಯಂತ್ರದಿಂದ ನಾಲ್ಕು ಹೊರ ಹಾರ್ಡ್ ಡಿಸ್ಕುಗಳಿಗೆ ಇವನ್ನು ನಕಲಿಸುವ ಕೆಲಸವಷ್ಟೇ. ಅದು ಒಂದು ಮಧ್ಯಾಹ್ನದ ಕೆಲಸವೆಂದು ನಾವು ತಿಳಿದಿದ್ದೆವು. ಮೂರು ವಾರ ಹಿಡಿಯಿತು. ಆ ಮೂರು ವಾರಗಳಲ್ಲಿ ಕಲಿತದ್ದನ್ನೂ, ಕೊನೆಗೆ ಮಾಡಿದ ಒಂದು ಪ್ರಮಾದವನ್ನೂ ಇಲ್ಲಿ ಬರೆಯುತ್ತಿದ್ದೇವೆ. ಇಂಥ ಟ್ರಂಕುಗಳು ಇನ್ನೂ ಅನೇಕ ಶರಣ ಕುಟುಂಬಗಳ ಅಟ್ಟದ ಮೇಲೆ ಇವೆಯೆಂಬುದು ನಮಗೆ ಗೊತ್ತು.

ಮೊದಲ ಅಡ್ಡಿ ಮೊದಲ ಫೈಲಿಗೇ ಬಂದಿತು. ಅಂಗಡಿಯವರು ಮಾಡಿಕೊಟ್ಟ ಬಗೆಯ ವಿಡಿಯೋ ಗಂಟೆಗೆ ಸುಮಾರು 13 ಜಿಬಿ ಜಾಗ ಹಿಡಿಯುತ್ತದೆ. ಒಂದೂವರೆ ಗಂಟೆಯ ಒಂದು ಸಂಜೆಗೆ 19 ಜಿಬಿಗೂ ಹೆಚ್ಚು. ಡಿಸ್ಕು 1 ಟಿಬಿಯದು. ಅದರಲ್ಲಿ 931 ಜಿಬಿ ಖಾಲಿಯಿದೆಯೆಂದು ಗಣಕಯಂತ್ರವೇ ತೋರಿಸುತ್ತಿತ್ತು. ಉಳಿದ 69 ಎಲ್ಲಿ ಹೋಯಿತೆಂದು ಅಂಗಡಿಯವನನ್ನು ಸಂಶಯಿಸಬೇಕಾಗಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಗಣಕಯಂತ್ರ 1,024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೇ. ಆದರೆ ಇಷ್ಟು ಜಾಗವಿದ್ದೂ ಫೈಲು ಬಹಳ ದೊಡ್ಡದು, ಹಿಡಿಸದು ಎಂಬ ಸೂಚನೆ ಬಂದಿತು. ಮನೆಯ ತುಂಬ ಜಾಗವಿದ್ದು ಬಾಗಿಲು ಮಾತ್ರ ಸಣ್ಣದಾದಂತೆ ಇದು ನಮಗೆ ಕಂಡಿತು. ಮೊಮ್ಮಗನು ನೋಡಿ ನಕ್ಕು, "ಅಜ್ಜಾ, ಜಾಗಾ ಕಡಿಮಿ ಆಗಿಲ್ಲ. ಈ ಡಿಸ್ಕಿನ ಕಟ್ಟಳೆ ಹಳೇದು" ಎಂದನು.

ಅವನು ಹೇಳಿದ್ದು ಸರಿಯಾಗಿತ್ತು. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವುದಕ್ಕೆ ಒಂದೊಂದು ಪದ್ಧತಿಯಿರುತ್ತದೆ. ನಮ್ಮ ಡಿಸ್ಕು ಹಿಂದೆ ಟಿ.ವಿ.ಗೆ ಜೋಡಿಸಿ ಹಾಡು ಕೇಳಲೆಂದು ಫ್ಯಾಟ್-32 ಎಂಬ ಪದ್ಧತಿಯಲ್ಲಿ ಸಿದ್ಧವಾಗಿತ್ತು. 1996ರಲ್ಲಿ ಬಳಕೆಗೆ ಬಂದ ಆ ಪದ್ಧತಿಯಲ್ಲಿ ಒಂದು ಫೈಲಿನ ಗಾತ್ರವನ್ನು ಬರೆದುಕೊಳ್ಳುವ ಮನೆ ಇಷ್ಟೇ ಅಗಲವೆಂದು ಗೊತ್ತುಮಾಡಿದ್ದಾರೆ. ಆ ಮನೆಯಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 42,949 ಲಕ್ಷ ಬೈಟುಗಳಷ್ಟು, ಎಂದರೆ 4 ಜಿಬಿ. ಅದಕ್ಕೆ ಮೀರಿದ ಫೈಲು ಒಂದೇ ಒಂದಿದ್ದರೂ ಅದು ಒಲ್ಲೆನೆನ್ನುತ್ತದೆ. ಪರಿಹಾರ ಸುಲಭ: ಡಿಸ್ಕನ್ನು ಬೇರೆ ಪದ್ಧತಿಯಲ್ಲಿ ಹೊಸದಾಗಿ ಸಿದ್ಧಪಡಿಸುವುದು. ವಿಂಡೋಸ್ ಮಾತ್ರ ಬಳಸುವ ಮನೆಗೆ ಎನ್‌ಟಿಎಫ್‌ಎಸ್ ಒಳ್ಳೆಯದು. ಆದರೆ ನಮ್ಮ ತಂಗಿಯ ಮನೆಯಲ್ಲಿರುವುದು ಮ್ಯಾಕ್. ಅದು ಎನ್‌ಟಿಎಫ್‌ಎಸ್ ಡಿಸ್ಕನ್ನು ಓದುತ್ತದೆ, ತಾನಾಗಿ ಅದರ ಮೇಲೆ ಬರೆಯಲಾರದು. ಆದ್ದರಿಂದ ಎರಡಕ್ಕೂ ಒಪ್ಪುವ, 2006ರಲ್ಲಿ ಬಂದ ಎಕ್ಸ್‌ಫ್ಯಾಟ್ ಎಂಬುದನ್ನು ಆರಿಸಿದೆವು. ಹೀಗೆ ಹೊಸದಾಗಿ ಸಿದ್ಧಪಡಿಸುವಾಗ ಡಿಸ್ಕಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆಂಬುದನ್ನು ಓದುಗರು ಮರೆಯಬಾರದು. ಇದ್ದ ಹಾಡುಗಳನ್ನು ಮೊದಲು ಬೇರೆ ಕಡೆಗೆ ತೆಗೆದಿಟ್ಟೆವು.

ಎರಡನೆಯ ಅಡ್ಡಿ ವೇಗದ್ದು. ನಕಲು ಆಮೆಯಂತೆ ನಡೆಯಿತು. ಡಿಸ್ಕಿನ ಜೊತೆ ಬಂದ ತಂತಿಯನ್ನು ಎಲ್ಲಿಯೋ ಇಟ್ಟು ಮರೆತು, ಕೈಗೆ ಸಿಕ್ಕ ಹಳೆಯ ತಂತಿಯನ್ನು ಚುಚ್ಚಿದ್ದೆವು. ಅದು ಚುಚ್ಚಿಕೊಳ್ಳುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ ಯುಎಸ್‌ಬಿ 2ರ ಹಳೆಯ ವೇಗದಲ್ಲಿ, ಸೆಕೆಂಡಿಗೆ ಸುಮಾರು 35 ಎಂಬಿಯಷ್ಟು. ನಮ್ಮ 470 ಜಿಬಿಗೆ ಅದು ಮುಕ್ಕಾಲು ಕಡಿಮೆ ನಾಲ್ಕು ಗಂಟೆಯಲ್ಲ, ಹೆಚ್ಚುಕಡಿಮೆ ಪೂರ್ತಿ ನಾಲ್ಕು ಗಂಟೆಯ ದಾರಿ. ಡಿಸ್ಕಿನ ಸ್ವಂತ ಅಗಲ ತುದಿಯ ತಂತಿಯನ್ನು ಹುಡುಕಿ, ಗಣಕಯಂತ್ರದ ಹಿಂಬದಿಯ ನೀಲಿ ಬಣ್ಣದ ಕಿಂಡಿಗೆ ಸೇರಿಸಿದಾಗ ಸೆಕೆಂಡಿಗೆ 110 ಎಂಬಿಯಾಯಿತು. ಒಂದೂಕಾಲು ಗಂಟೆಯೊಳಗಿನ ಕೆಲಸ. ಆದರೂ ಸ್ವಲ್ಪ ಹೊತ್ತಿನ ಮೇಲೆ ವೇಗ ಮತ್ತೆ ಕುಸಿಯಿತು. ಇದು ಕೆಟ್ಟದ್ದಲ್ಲವಂತೆ. ಈಗಿನ ಅನೇಕ ಅಗ್ಗದ ಡಿಸ್ಕುಗಳಲ್ಲಿ ಬರೆಯುವ ಗೆರೆಗಳನ್ನು ಮಂಗಳೂರು ಹಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಒಂದು ಬರುವಂತೆ ಜೋಡಿಸಿರುತ್ತಾರೆ. ಮೊದಲು ಬಂದದ್ದನ್ನು ಡಿಸ್ಕು ಒಂದು ತಾತ್ಕಾಲಿಕ ಮೂಲೆಯಲ್ಲಿ ಬೇಗನೆ ಇಳಿಸಿಕೊಂಡು, ಆಮೇಲೆ ಹಂಚು ಸರಿಸಿ ಜೋಡಿಸತೊಡಗುತ್ತದೆ. ಆ ಮೂಲೆ ತುಂಬಿದಾಗ ನಿಧಾನವಾಗುತ್ತದೆ. ಅಲ್ಲಿ ಬೇಕಾದದ್ದು ತಾಳ್ಮೆಯೊಂದೇ.

ಮೂರನೆಯ ಡಿಸ್ಕು ಮಾತ್ರ ನಡುನಡುವೆ ಟಕ್ ಟಕ್ ಎಂದು ಸದ್ದುಮಾಡಿ ತಟ್ಟನೆ ಕಾಣೆಯಾಗುತ್ತಿತ್ತು. ಡಿಸ್ಕೇ ಕೆಟ್ಟಿತೆಂದು ನಾವು ಅಂಗಡಿಗೆ ಹಿಂದಿರುಗಿಸಲು ಹೊರಟಿದ್ದೆವು. ಕಾರಣ ಬೇರೆಯಿತ್ತು. ಇಲಿ, ಕೀಲಿಮಣೆ, ಮುದ್ರಣಯಂತ್ರ ಎಲ್ಲವನ್ನೂ ಕೂಡಿಸಿದ್ದ ಒಂದು ಸಣ್ಣ ಹಬ್ಬಿಗೇ ಅದನ್ನೂ ಚುಚ್ಚಿದ್ದೆವು. ಹಳೆಯ ಯುಎಸ್‌ಬಿ 2 ಕಿಂಡಿ ಕೊಡುವ ವಿದ್ಯುತ್ತು 500 ಮಿಲಿ ಆಂಪಿಯರ್, ಯುಎಸ್‌ಬಿ 3ರದು 900. ಒಬ್ಬರ ಊಟವನ್ನು ನಾಲ್ವರಿಗೆ ಬಡಿಸಿದರೆ ದುಡಿಯುವವನು ಎದ್ದು ನಿಲ್ಲುವುದು ಹೇಗೆ? ನೇರವಾಗಿ ಹಿಂಬದಿಯ ಕಿಂಡಿಗೆ ಜೋಡಿಸಿದ ಮೇಲೆ ಆ ಸದ್ದು ಅಡಗಿತು. ನೇರವಾಗಿ ಜೋಡಿಸಿ, ತಂತಿಯನ್ನು ಬದಲಿಸಿದ ಮೇಲೂ ಅಂಥ ಸದ್ದು ನಿಲ್ಲದಿದ್ದರೆ ಮಾತ್ರ ಡಿಸ್ಕಿನ ಒಡಲೇ ಕೆಟ್ಟಿದೆಯೆಂದು ತಿಳಿದು, ಅದರಲ್ಲಿರುವುದನ್ನು ತಡಮಾಡದೆ ತೆಗೆದುಕೊಳ್ಳಬೇಕು. ಗಣಕಯಂತ್ರ ತಾನೇ ನಿದ್ರೆಗೆ ಜಾರುವ ಏರ್ಪಾಡನ್ನೂ ನಕಲು ಮುಗಿಯುವವರೆಗೆ ನಿಲ್ಲಿಸಿದೆವು.

ಇನ್ನೊಂದು ತೊಡಕು ನಮ್ಮ ಭಕ್ತಿಯಿಂದಲೇ ಹುಟ್ಟಿದ್ದು. ಫೋಲ್ಡರುಗಳಿಗೆ ನಾವು ಪೂರ್ಣ ಗೌರವದ ಹೆಸರುಗಳನ್ನಿಟ್ಟಿದ್ದೆವು: ತೀರ್ಥರೂಪರ ಹೆಸರು, ವರ್ಷ, ಮಾಸ, ಅಂದಿನ ಚಿಂತನದ ವಿಷಯ, ಒಂದರೊಳಗೊಂದು ಐದಾರು ಮಡಿಕೆ. ವಿಂಡೋಸಿನಲ್ಲಿ ಸಾಮಾನ್ಯವಾಗಿ ಇಡೀ ದಾರಿಯ ಹೆಸರು 260 ಗುರುತುಗಳನ್ನು ಮೀರುವಂತಿಲ್ಲ. ಕನ್ನಡದಲ್ಲಿ ಈ ಮಿತಿ ಬೇಗ ಮುಗಿಯುತ್ತದೆ. ಏಕೆಂದರೆ 'ಲಿಂಗೈಕ್ಯ' ಎಂಬುದು ನಮ್ಮ ಕಣ್ಣಿಗೆ 3 ಅಕ್ಷರ, ಯಂತ್ರದ ಎಣಿಕೆಗೆ 8. ಗುಣಿತ, ಅನುಸ್ವಾರ, ಒತ್ತಕ್ಷರದ ಕೊಂಡಿ ಎಲ್ಲವೂ ಅದಕ್ಕೆ ಬೇರೆ ಬೇರೆ. ಹೆಸರುಗಳನ್ನು ಚಿಕ್ಕದು ಮಾಡಿ, ವಿವರಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದಿಟ್ಟೆವು. 11,000 ಚಿತ್ರಗಳು ಬಿಡಿಬಿಡಿಯಾಗಿ ಹೋಗುವಾಗ ಒಂದೊಂದಕ್ಕೂ ಬಾಗಿಲು ತೆಗೆದು ಮುಚ್ಚಿದಂತೆ ಹೊತ್ತು ಹಿಡಿಯುತ್ತಿತ್ತು. ಪುಸ್ತಕಕ್ಕೊಂದರಂತೆ ಜಿಪ್ ಗಂಟು ಕಟ್ಟಿ ಕಳಿಸಿದಾಗ ಅದೂ ಸಲೀಸಾಯಿತು.

ಇಷ್ಟೆಲ್ಲ ಜಯಿಸಿದ ಮೇಲೆ ಮನುಷ್ಯನಿಗೆ ಸ್ವಲ್ಪ ಗರ್ವ ಬರುವುದು ಸಹಜ. ನಮಗೂ ಬಂದಿತು.

22ನೆಯ ಕ್ಯಾಸೆಟ್ಟಿನ ಫೈಲು ಕೊನೆಯದು. ಅದು 2004ರ ಶ್ರಾವಣದ ಮಂಗಲದ ದಿನದ ಚಿತ್ರ. ಅಂದು ತಂದೆಯವರು ಮಾತು ಮುಗಿಸಿ, ಬಾಗಿಲ ಬಳಿ ನಿಂತಿದ್ದ ನಮ್ಮ ಮಾತೋಶ್ರೀಯವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, "ಇಂದು ನೀವು ಹಾಡ್ರಿ" ಎಂದಿದ್ದರು. ಅವರಿಬ್ಬರೂ ಜೊತೆಯಾಗಿ ಕುಳಿತ ಚಲಿಸುವ ಚಿತ್ರ ನಮ್ಮಲ್ಲಿ ಅದೊಂದೇ. ಗಣಕಯಂತ್ರದೊಳಗೆ ಜಾಗ ಸಾಲದೆ ಬಂದಿದ್ದರಿಂದ, ಈ ಒಂದು ಫೈಲನ್ನು ಮೊದಲ ಡಿಸ್ಕಿಗೆ ನಕಲು ಮಾಡುವ ಬದಲು ಕತ್ತರಿಸಿ ಅಂಟಿಸಿದೆವು. ಎಂದರೆ, ಅಲ್ಲಿ ಬರೆದಾದೊಡನೆ ಇಲ್ಲಿಯದು ಅಳಿಯುತ್ತದೆ. ಮುಗಿಯಿತೆಂಬಂತೆ ಹಸಿರು ಗೆರೆ ತುಂಬಿ ಮಾಯವಾಯಿತು. ಅದಾದ ಕೆಲವೇ ಕ್ಷಣಗಳಲ್ಲಿ ಕರೆಂಟು ಹೋಯಿತು. ನಮ್ಮ ಯುಪಿಎಸ್‌ನ ಬ್ಯಾಟರಿ ಸತ್ತು ಬಹಳ ದಿನಗಳಾಗಿದ್ದವು.

ಮರುದಿನ ನೋಡಿದೆವು. ಡಿಸ್ಕಿನಲ್ಲಿ ಫೈಲಿನ ಹೆಸರು ಇತ್ತು, ಗಾತ್ರವೂ ಸರಿಯಿತ್ತು. ತೆರೆದಾಗ ತಂದೆಯವರು ಎಂದಿನಂತೆ ಕೈಮುಗಿದು ಮಾತು ಆರಂಭಿಸಿದರು. ನಾವು ಸಮಾಧಾನದಿಂದ ಮುಚ್ಚಿದೆವು. ಆ ಡಿಸ್ಕಿನಿಂದಲೇ ಉಳಿದ ಮೂರು ಡಿಸ್ಕುಗಳಿಗೆ ಆ ಫೈಲನ್ನು ನಕಲಿಸಿದೆವು.

ಪುಣ್ಯಸ್ಮರಣೆಯ ಸಂಜೆ ಗದ್ದುಗೆಯ ಪೂಜೆ, ಪ್ರಸಾದವೆಲ್ಲ ಮುಗಿದ ಮೇಲೆ ಪಡಸಾಲೆಯ ಗೋಡೆಗೆ ಬಿಳಿಯ ಧೋತರ ಕಟ್ಟಿ ಅದರ ಮೇಲೆ ಆ ಚಿತ್ರವನ್ನು ತೋರಿಸಿದೆವು. ಮಾತೋಶ್ರೀಯವರಿಗೆ ಆಗ 86 ವರ್ಷ. ಕಣ್ಣು ಮಬ್ಬಾಗಿದ್ದರೂ ಕಿವಿ ಚುರುಕು. ಮುಂದಿನ ಸಾಲಿನಲ್ಲಿ ಕುಳಿತು, ಗಂಡನ ಮಾತಿಗೆ ಅಲ್ಲಲ್ಲಿ ತಲೆದೂಗುತ್ತಿದ್ದರು. ತಂದೆಯವರ ಮಾತು ಮುಗಿಯುತ್ತ ಬಂದಿತು. ಅವರು ಬಾಗಿಲ ಕಡೆಗೆ ತಿರುಗಿ ಕೈಯೆತ್ತಿದರು. ಅಲ್ಲಿಗೆ ಚಿತ್ರ ನಿಂತಿತು. ಕೈಯೆತ್ತಿದ ಭಂಗಿಯಲ್ಲಿಯೇ ನಿಂತು, ಆಮೇಲೆ ಧೋತರವೆಲ್ಲ ಕಪ್ಪಾಯಿತು. ತಂಗಿಯ ಡಿಸ್ಕು ಹಾಕಿದೆವು, ತಮ್ಮಂದಿರದು ಹಾಕಿದೆವು. ನಾಲ್ಕರಲ್ಲಿಯೂ ಅದೇ ಕ್ಷಣಕ್ಕೆ ಅದೇ ಕತ್ತಲು.

"ಇಲ್ಲಿಂದ ಮುಂದ ನಾನು ಹಾಡೇನಲ್ಲ, ಅದೆಲ್ಲಿ ಹೋತು?" ಎಂದು ಮಾತೋಶ್ರೀಯವರು ಕೇಳಿದರು. ಉತ್ತರ ಕೊಡಲು ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಕತ್ತರಿಸಿ ಅಂಟಿಸಿದ ಕೈ ಮನೆಯವರ ಪೈಕಿ ಯಾರದೂ ಅಲ್ಲ. ಈ ಲೇಖನವನ್ನು ಬರೆಯುತ್ತಿರುವ ನಮ್ಮದೇ.

ಆದದ್ದು ಇಷ್ಟು. ಗಣಕಯಂತ್ರ ಮುಗಿಯಿತೆಂದು ಹೇಳುವ ಹೊತ್ತಿಗೆ ಎಲ್ಲವೂ ಡಿಸ್ಕಿನ ಮೇಲೆ ಮೂಡಿರುತ್ತದೆಂಬ ಭರವಸೆಯಿಲ್ಲ. ಕೊನೆಯ ಭಾಗ ಸ್ವಲ್ಪ ಹೊತ್ತು ನೆನಪಿನಲ್ಲಿ ನಿಂತಿದ್ದು ಆಮೇಲೆ ಇಳಿಯಬಹುದು. 'ಸುರಕ್ಷಿತವಾಗಿ ಹೊರತೆಗೆ' ಎಂಬ ಗುಂಡಿಯನ್ನು ಒತ್ತಿ, ತೆಗೆಯಬಹುದೆಂಬ ಉತ್ತರ ಬರುವವರೆಗೆ ಕಾಯಬೇಕೆನ್ನುವುದು ಇದಕ್ಕಾಗಿಯೇ. ಹೆಸರು, ಗಾತ್ರಗಳು ಲೆಕ್ಕದ ಪುಸ್ತಕದಲ್ಲಿ ದಾಖಲಾಗಿದ್ದವು. ಸರಕು ಉಗ್ರಾಣಕ್ಕೆ ಬಂದಿರಲಿಲ್ಲ. ಮೂಲವೋ ಅಳಿದುಹೋಗಿತ್ತು. ಅಳಿದ ಫೈಲನ್ನು ಮರಳಿ ಪಡೆಯುವ ತಂತ್ರಗಳು ಇಲ್ಲವೆಂದಲ್ಲ. ಅಳಿಸುವುದೆಂದರೆ ಅನೇಕ ವೇಳೆ ಆ ಜಾಗ ಖಾಲಿಯೆಂದು ಗುರುತು ಹಾಕುವುದು ಮಾತ್ರ. ಒಡನೆಯೇ ಆ ಡಿಸ್ಕಿನ ಮೇಲೆ ಬರೆಯುವುದನ್ನು ನಿಲ್ಲಿಸಿದರೆ ಮರಳಿ ಸಿಕ್ಕುವ ಆಸೆಯಿರುತ್ತದೆ. ನಾವು ಎರಡು ತಿಂಗಳು ಅದರ ಮೇಲೆಯೇ ಮದುವೆ ಮುಂಜಿಗಳ ಚಿತ್ರಗಳನ್ನು ತುಂಬುತ್ತ ಹೋಗಿದ್ದೆವು.

ಆಗ ಸೊಸೆ ಒಳಗೆ ಹೋಗಿ ಅಟ್ಟದಿಂದ ಆ ಟ್ರಂಕನ್ನು ಇಳಿಸಿ ತಂದಳು. ಗುಜರಿಗೆ ಕೊಡೆಂದು ನಾವು ಹೇಳಿದ್ದೆವಲ್ಲವೆ? ಅಜ್ಜನ ಕೈಬರಹದ ಚೀಟಿ ಅಂಟಿಸಿದ ಕ್ಯಾಸೆಟ್ಟುಗಳನ್ನು ತೂಕಕ್ಕೆ ಹಾಕಲು ಮನಸ್ಸು ಬಾರದೆ, ನಮಗೆ ಹೇಳದೆ ಅಟ್ಟದ ಮೇಲೆ ಇಟ್ಟಿದ್ದಳು. 22ನೆಯ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ವಿ.ಸಿ.ಆರ್. ತಯಾರಿಸುತ್ತಿದ್ದ ಜಪಾನಿನ ಫುನಾಯ್ ಸಂಸ್ಥೆ 2016ರ ಜುಲೈ ತಿಂಗಳಲ್ಲಿಯೇ ಅದನ್ನು ನಿಲ್ಲಿಸಿದೆ. ಆದ್ದರಿಂದ ಓಡುವ ಯಂತ್ರ ಸಿಗುವುದೇ ಕಷ್ಟವಾಯಿತು. ಕುಶಲಿಯಾದ ಒಬ್ಬ ದುರಸ್ತಿಗಾರರು ಆ ಸುರುಳಿಯನ್ನು ನಿಧಾನವಾಗಿ ಒರೆಸಿ ಒಂದು ಸಲ ಓಡಿಸಿಕೊಟ್ಟರು. ಕೊನೆಯ 11 ನಿಮಿಷಗಳಲ್ಲಿ ಚಿತ್ರವೆಲ್ಲ ಹರಿದ ಬಟ್ಟೆಯಂತೆ ಅಲುಗಾಡುತ್ತದೆ, ಮುಖಗಳು ತಿಳಿಯುವುದಿಲ್ಲ. ದನಿ ಮಾತ್ರ ಉಳಿದಿದೆ. "ಇಂದು ನೀವು ಹಾಡ್ರಿ" ಎಂಬುದೂ, ಆಮೇಲಿನ ಹಾಡೂ ಕೇಳುತ್ತದೆ. ಮಾತೋಶ್ರೀಯವರು ಅದನ್ನು ಕೇಳಿ, ತಮ್ಮ ದನಿ ಆಗ ಇಷ್ಟು ಎತ್ತರವಿತ್ತೇ ಎಂದು ಕೇಳಿದರು. ಚಿತ್ರದ ಮಾತನ್ನು ಅವರು ಎತ್ತಲಿಲ್ಲ. ಆದರೆ ಆ ಅಟ್ಟಕ್ಕೆ ಹೋಗುವ ಮೊದಲು, ಅಂಗಡಿಯಿಂದ ಬಂದ ದಿನ, ಅದರ ಸ್ಪಷ್ಟವಾದ ಚಿತ್ರ ನಮ್ಮ ಗಣಕಯಂತ್ರದಲ್ಲಿತ್ತೆಂಬುದು ನಮಗೆ ಈಗಲೂ ಮರೆಯದು.

ನಾಲ್ಕು ಮನೆಗಳಲ್ಲಿ ನಾಲ್ಕು ಪ್ರತಿಗಳಿದ್ದರೆ ಭಯವಿಲ್ಲವೆಂದು ನಾವು ನಂಬಿದ್ದೆವು. ಅವು ನಾಲ್ಕು ಪ್ರತಿಗಳಾಗಿರಲಿಲ್ಲ, ಒಂದೇ ತಪ್ಪಿನ ನಾಲ್ಕು ನಕಲುಗಳಾಗಿದ್ದವು. ತಾಳೆಗರಿಯ ಕಾಲದವರು ಇದನ್ನು ಬಲ್ಲರು. ಒಬ್ಬ ಲಿಪಿಕಾರ ಒಂದು ಸಾಲನ್ನು ಬಿಟ್ಟರೆ, ಅವನ ಕಟ್ಟನ್ನು ನೋಡಿ ಬರೆದ ಕಟ್ಟುಗಳಲ್ಲೆಲ್ಲ ಆ ಸಾಲು ಇರುವುದಿಲ್ಲ. ಕಲ್ಯಾಣದ ವಿಪ್ಲವದ ನಂತರ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ದಾರಿ ಹಿಡಿದರೆಂದು ನಮ್ಮ ಪರಂಪರೆ ಹೇಳುತ್ತದೆ. ಹೊತ್ತು ತಂದದ್ದು ಎಷ್ಟು ದೊಡ್ಡದೋ, ಅದನ್ನು ಮುಂದೆ ತಪ್ಪಿಲ್ಲದೆ ಉಳಿಸಿದ್ದೂ ಅಷ್ಟೇ ದೊಡ್ಡದು. ಫ. ಗು. ಹಳಕಟ್ಟಿಯವರು ಮನೆಮನೆಯ ತಾಳೆಗರಿಗಳನ್ನು ಅರಸಿ, ಪರಿಷ್ಕರಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. 1926ರಿಂದ 'ಶಿವಾನುಭವ' ಪತ್ರಿಕೆಯನ್ನು ನಡೆಸಿದರು. ಬೇರೆ ಬೇರೆ ಮನೆಯ ಕಟ್ಟುಗಳನ್ನು ಎದುರೆದುರಿಗಿಟ್ಟು ಓದಿದಾಗಲೇ ಒಂದರ ಕೊರತೆ ಇನ್ನೊಂದರಿಂದ ತಿಳಿಯುತ್ತದೆ. ಎದುರಿಗಿಟ್ಟು ಓದುವ ಆ ಕೆಲಸವನ್ನು ನಾವು ಬಿಟ್ಟಿದ್ದೆವು.

ಯಂತ್ರದ ಕಾಲದಲ್ಲಿ ಅದಕ್ಕೂ ಒಂದು ಉಪಾಯವಿದೆ. ಇಡೀ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಅದರಿಂದ 64 ಗುರುತುಗಳ ಒಂದು ಮುದ್ರೆಯನ್ನು ಗಣಕಯಂತ್ರ ತೆಗೆದುಕೊಡುತ್ತದೆ. ಎಸ್‌ಎಚ್‌ಎ-256 ಎಂದು ಅದರ ಹೆಸರು. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಮುದ್ರೆ ಪೂರ್ತಿ ಬೇರೆಯಾಗುತ್ತದೆ. ವಿಂಡೋಸಿನಲ್ಲಿ ಸರ್ಟ್‌ಯುಟಿಲ್ ಎಂಬ ಆಜ್ಞೆ ಇದನ್ನು ಮಾಡುತ್ತದೆ. ಮೂಲದ ಮುದ್ರೆಯನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ನಕಲಾದ ಮೇಲೆ ಡಿಸ್ಕನ್ನು ಸುರಕ್ಷಿತವಾಗಿ ತೆಗೆದು, ಮತ್ತೆ ಜೋಡಿಸಿ, ಆಗ ನಕಲಿನ ಮುದ್ರೆ ತೆಗೆಯಬೇಕು; ಇಲ್ಲವಾದರೆ ಯಂತ್ರ ತನ್ನ ನೆನಪಿನಲ್ಲಿರುವುದನ್ನೇ ಓದಿ ಸರಿಯೆಂದುಬಿಡಬಹುದು. ಎರಡೂ ಒಂದೇ ಆದರೆ ಮಾತ್ರ ನಕಲಾಯಿತೆಂದು ಹೇಳಬೇಕು. ನಮ್ಮ ನಾಲ್ಕು ಡಿಸ್ಕುಗಳಲ್ಲಿ ಆ ಕೆಟ್ಟ ಫೈಲಿನ ಮುದ್ರೆಗಳು ಪರಸ್ಪರ ಕೂಡುತ್ತಿದ್ದವು. ಮೂಲದ ಮುದ್ರೆಯೊಂದು ಇರಲಿಲ್ಲ.

ಈಗ ನಮ್ಮ ಮನೆಯ ಕಟ್ಟಳೆ ಹೀಗಿದೆ. ಕತ್ತರಿಸಿ ಅಂಟಿಸುವುದಿಲ್ಲ, ನಕಲೇ ಮಾಡುತ್ತೇವೆ. ದೊಡ್ಡ ಗಂಟುಗಳಿಗೆ ವಿಂಡೋಸಿನಲ್ಲಿಯೇ ಇರುವ ರೋಬೋಕಾಪಿಯನ್ನು ಬಳಸುತ್ತೇವೆ. ನಡುವೆ ಕಡಿದರೆ ಕಡಿದಲ್ಲಿಂದ ಮುಂದುವರಿಸುವ ಏರ್ಪಾಡು ಅದರಲ್ಲಿದೆ. ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದ್ದೇವೆ. ಪ್ರತಿ ಡಿಸ್ಕಿನಲ್ಲಿಯೂ ಮುದ್ರೆಗಳ ಪಟ್ಟಿಯಿದೆ. ಅದರ ಅಚ್ಚಾದ ಪ್ರತಿಯೊಂದು ತಂದೆಯವರ ನೋಟುಪುಸ್ತಕಗಳ ಜೊತೆಗಿದೆ. ವರ್ಷಕ್ಕೊಮ್ಮೆ, ಶ್ರಾವಣ ಹಿಡಿಯುವ ಮೊದಲು, ನಾಲ್ಕು ಮನೆಗಳಲ್ಲಿಯೂ ಡಿಸ್ಕು ತೆಗೆದು ಮುದ್ರೆ ಕೂಡಿಸಿ ನೋಡುತ್ತಾರೆ. ಹಾರ್ಡ್ ಡಿಸ್ಕು ಶಾಶ್ವತವಲ್ಲ. ಒಂದು ಕೆಟ್ಟರೆ ಮತ್ತೊಂದರಿಂದ ಹೊಸದನ್ನು ಮಾಡಿಕೊಳ್ಳಬೇಕು. ಮೊಮ್ಮಗನಿಗೆ ಈ ಕೆಲಸ ಬೇಸರ. "ಎಲ್ಲಾ ಸರಿ ಅದ ಅಜ್ಜಾ, ಹೋದ ವರ್ಷನೂ ಸರಿ ಇತ್ತು" ಎನ್ನುತ್ತಾನೆ. ಸರಿಯಿದೆಯೆಂದು ತಿಳಿಯುವುದಕ್ಕಾಗಿಯೇ ನೋಡುವುದೆಂದು ಅವನಿಗೆ ಹೇಳುತ್ತೇವೆ. ಕಾಯಕವೆಂದರೆ ಕೈಯಾಡಿಸಿ ಎದ್ದುಹೋಗುವುದಲ್ಲ, ಮಾಡಿದ್ದನ್ನು ನಿಂತು ನೋಡುವುದೂ ಅದರೊಳಗೇ ಸೇರಿದೆ. ಸರಿಯಾದ ಪ್ರತಿಯನ್ನು ನಾಲ್ಕು ಮನೆಗಳಿಗೆ ಹಂಚಿದರೆ ಅದು ದಾಸೋಹ. ಕೆಟ್ಟದ್ದನ್ನು ಹಂಚಿದರೆ ಅಳಸಿದ ಅನ್ನವನ್ನು ಬಡಿಸಿದಂತೆ.

ಓದುಗ ಬಂಧುಗಳ ಮನೆಗಳಲ್ಲಿ ಹಿರಿಯರ ದನಿಯಿರುವ ಕ್ಯಾಸೆಟ್ಟುಗಳಿದ್ದರೆ ಈ ವರ್ಷವೇ ಇಳಿಸಿಕೊಳ್ಳಿರಿ. ಇಳಿಸಿದ ಮೇಲೆ ಕೊನೆಯವರೆಗೆ ಕುಳಿತು ಕೇಳಿರಿ. ಅದುವರೆಗೂ, ಅದಾದ ಮೇಲೂ, ಟ್ರಂಕನ್ನು ಗುಜರಿಗೆ ಕೊಡಬೇಡಿರಿ. ನಮ್ಮ ಸೊಸೆ ಅಟ್ಟದ ಮೇಲೆ ಅದಕ್ಕೆ ಹೊಸ ಬಟ್ಟೆ ಹೊದಿಸಿ ಇಟ್ಟಿದ್ದಾಳೆ. ಈಗ ಅದರ ಕೀಲಿ ಅವಳ ಕೈಯಲ್ಲಿಯೇ ಇದೆ.